ಕಾಡಾನೆ ಪಳಗುವ ಬಗೆ

ವಿಜಯದಶಮಿಯ ದಿನ ಶಿವಮೊಗ್ಗೆಯ ಪೇಟೆಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡೊಳ್ಳು, ವೀರಗಾಸೆ, ವಾದ್ಯಮೇಳಗಳ ನಡುವೆ ನಾಡದೇವಿಯ ಅಂಬಾರಿಯನ್ನು ಹೊತ್ತ ಆನೆ ಮೆಲ್ಲಮೆಲ್ಲನೆ ನಡೆದು ಬರುತ್ತದೆ. ಅದರ ತಲೆಯ ಮೇಲೆ ಹೂವು ಬೀಳುತ್ತದೆ. ಕಿವಿಯ ಬಳಿಯಲ್ಲೇ ತಮಟೆ ಮೊಳಗುತ್ತದೆ. ಎಲ್ಲಿಯೋ ಪಟಾಕಿ ಸಿಡಿಯುತ್ತದೆ. ಆನೆ ಒಂದು ಕ್ಷಣ ನಿಂತು ಕಿವಿಗಳನ್ನು ಅಗಲಿಸುತ್ತದೆ. ಕುತ್ತಿಗೆಯ ಮೇಲೆ ಕುಳಿತ ಮಾವುತ ಏನೋ ಒಂದು ಮಾತು ಹೇಳುತ್ತಾನೆ. ಅಷ್ಟು ಜನರ ಗದ್ದಲದಲ್ಲಿ ಆ ಮಾತು ಮತ್ತಾರಿಗೂ ಕೇಳಿಸದು, ಆನೆಗೆ ಕೇಳಿಸುತ್ತದೆ. ಅದು ಮತ್ತೆ ಹೆಜ್ಜೆ ಹಾಕುತ್ತದೆ.

ಇದೇ ಜಿಲ್ಲೆಯ ಇನ್ನೊಂದು ಮೂಲೆಯನ್ನು ನೋಡೋಣ. ಭದ್ರಾವತಿಯಿಂದ ಉಂಬ್ಳೆಬೈಲಿನವರೆಗಿನ ಕಾಡಂಚಿನ ಹಳ್ಳಿಗಳಲ್ಲಿ ಬಾಳೆ ಗೊನೆಬಿಡುವ ಕಾಲಕ್ಕೆ, ಭತ್ತ ಹಾಲುಗಟ್ಟುವ ಕಾಲಕ್ಕೆ, ಭದ್ರಾ ಅಭಯಾರಣ್ಯದ ಕಡೆಯಿಂದ ಆನೆಗಳು ಇಳಿದು ಬರುವುದುಂಟು. ಬೆಳಗಾಗುವುದರೊಳಗೆ ವರ್ಷದ ದುಡಿಮೆ ಮಣ್ಣುಪಾಲಾಗಿರುತ್ತದೆ. ಆ ಆನೆಗಳು ಮನುಷ್ಯನನ್ನು ಕಂಡರೆ ಒಂದೋ ಓಡುತ್ತವೆ, ಇಲ್ಲವೇ ಅಟ್ಟಿಸಿಕೊಂಡು ಬರುತ್ತವೆ. ಗಾಳಿಯಲ್ಲಿ ಮನುಷ್ಯನ ವಾಸನೆ ಬಂದರೆ ಸಾಕು, ಸೊಂಡಿಲು ಮೇಲೇರುತ್ತದೆ.

ಪೇಟೆಯ ನಡುವೆ ನಡೆಯುವ ಆನೆಗೂ ತೋಟದಲ್ಲಿ ಬೆದರಿ ನಿಲ್ಲುವ ಆನೆಗೂ ಹುಟ್ಟಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹಸು, ನಾಯಿ, ಕುದುರೆಗಳ ಸಂಗತಿ ಬೇರೆ. ಕುದುರೆಯನ್ನು ಮನುಷ್ಯ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನಿಂದ ತನ್ನ ಲಾಯದಲ್ಲಿಯೇ ಸಾಕಿ, ಸೌಮ್ಯ ಸ್ವಭಾವದವನ್ನು ಆಯ್ದು ತಳಿ ಬೆಳೆಸಿದ್ದಾನೆ. ಆದ್ದರಿಂದ ಯಾರೂ ಮುಟ್ಟದೆ ಬೆಳೆದ ಕುದುರೆ ಎಷ್ಟೇ ಬೆದರುಸ್ವಭಾವದ್ದಾಗಿರಲಿ, ಅದರ ರಕ್ತದಲ್ಲಿ ಮನುಷ್ಯನ ನೆರೆ ಸ್ವಲ್ಪಮಟ್ಟಿಗಾದರೂ ಬೆರೆತಿರುತ್ತದೆ. ಆನೆಯನ್ನು ಹೀಗೆ ಯಾರೂ ತಳಿಮಾಡಲಿಲ್ಲ. ಇಪ್ಪತ್ತೆರಡು ತಿಂಗಳ ಗರ್ಭಧಾರಣೆ, ಹತ್ತು ಹದಿನೈದು ವರ್ಷ ಕಳೆದರೂ ಕೆಲಸಕ್ಕೆ ಬಾರದ ಮರಿ, ದಿನವೂ ಅದಕ್ಕೆ ಒದಗಿಸಬೇಕಾದ ರಾಶಿ ಮೇವು, ಇವೆಲ್ಲವನ್ನೂ ಲೆಕ್ಕಹಾಕಿದ ರಾಜಮಹಾರಾಜರು ಕಾಡಿನಲ್ಲಿ ತಾನಾಗಿ ಬೆಳೆದ ಆನೆಯನ್ನು ಹಿಡಿದು ತರುವುದೇ ಸುಲಭವೆಂದು ಕಂಡರು. ಹೀಗಾಗಿ ಪ್ರತಿಯೊಂದು ಆನೆಯನ್ನೂ ಮೊದಲಿನಿಂದ ಪಳಗಿಸಬೇಕು. ತಾಯಿಯನ್ನು ಪಳಗಿಸಿದ ಶ್ರಮ ಮಗಳಿಗೆ ದಕ್ಕುವುದಿಲ್ಲ. ಆನೆ ಪಳಗಿದ ಪ್ರಾಣಿಯೇ ಹೊರತು ಸಾಕುತಳಿಯ ಪ್ರಾಣಿಯಲ್ಲ ಎಂದು ಪ್ರಾಣಿಶಾಸ್ತ್ರಜ್ಞರು ಹೇಳುವುದು ಈ ಅರ್ಥದಲ್ಲಿ.

ಕನ್ನಡ ನಾಡಿನಲ್ಲಿ ಈ ವಿದ್ಯೆ ಬಹಳ ಹಳೆಯದು. ಆನೆಯನ್ನೇ ಲಾಂಛನವಾಗಿ ಉಳ್ಳ ಗಂಗರಲ್ಲಿ ಎಂಟನೆಯ ಶತಮಾನದ ಶ್ರೀಪುರುಷ ಗಜಶಾಸ್ತ್ರವನ್ನು ಬರೆದನೆಂದೂ, ಅವನ ಮಗ ಶಿವಮಾರ ಕನ್ನಡದಲ್ಲಿ 'ಗಜಾಷ್ಟಕ'ವನ್ನು ರಚಿಸಿದನೆಂದೂ ಶಾಸನಗಳಿಂದ ತಿಳಿದುಬರುತ್ತದೆ. ಆ ಕೃತಿ ನಮಗೆ ಸಿಕ್ಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಆನೆ, ಕುದುರೆಗಳ ವಿಚಾರ ವಿಸ್ತಾರವಾಗಿ ಬರುತ್ತದೆ. ದೊರೆಗಳಿಗೆ ಇದು ಶೋಕಿಯ ವಿಷಯವಾಗಿರಲಿಲ್ಲ. ಯುದ್ಧದ ನಡುವೆ ಬೆದರಿ ಹಿಂದಿರುಗಿದ ಆನೆ ಸ್ವಂತ ಸೈನ್ಯವನ್ನೇ ತುಳಿದುಬಿಡುವುದನ್ನು ಅವರು ಕಂಡಿದ್ದರು.

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು ಹದಿನಾಲ್ಕು ಕಿಲೋಮೀಟರು ಸಾಗಿದರೆ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಸಕ್ರೆಬೈಲು ಆನೆ ಬಿಡಾರವಿದೆ. ಮಲೆನಾಡಿನ ಕಾಡುಗಳಲ್ಲಿ ಕಡಿದ ಮರದ ದಿಮ್ಮಿಗಳನ್ನು ಲಾರಿ ಹೋಗಲಾರದ ಇಳಿಜಾರುಗಳಿಂದ ಎಳೆದು ತರುವುದು ಒಂದು ಕಾಲಕ್ಕೆ ಸಾಕಾನೆಗಳ ಮುಖ್ಯ ಕೆಲಸವಾಗಿತ್ತು. ಕಾಡು ಕಡಿಯುವುದು ನಿಂತ ಮೇಲೆ ಆ ಕೆಲಸವೂ ನಿಂತಿತು. ಆನೆ ಹಿಡಿಯುವ ರೀತಿಯೂ ಬದಲಾಯಿತು. ಕಾಕನಕೋಟೆಯ ಕಾಡಿನಲ್ಲಿ ನಡೆಯುತ್ತಿದ್ದ ಪ್ರಸಿದ್ಧ ಖೆಡ್ಡಾದಲ್ಲಿ ಇಡೀ ಹಿಂಡನ್ನು ತಮಟೆ, ಬೆಂಕಿ, ಕೂಗುಗಳಿಂದ ಬೆದರಿಸಿ, ಹೊಳೆ ದಾಟಿಸಿ, ದಿಮ್ಮಿಗಳ ಆವರಣದೊಳಕ್ಕೆ ಅಟ್ಟುತ್ತಿದ್ದರು. ದೇಶವಿದೇಶಗಳ ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ಅದನ್ನು ನೋಡುತ್ತಿದ್ದರು. ನೂಕುನುಗ್ಗಲಿನಲ್ಲಿ ಮರಿಗಳು ತುಳಿತಕ್ಕೆ ಸಿಕ್ಕುತ್ತಿದ್ದವು. ಹಗ್ಗದ ಗಾಯ ಕೊಳೆತು ಸಾಯುತ್ತಿದ್ದ ಆನೆಗಳೂ ಇದ್ದವು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 1977ರಲ್ಲಿ ಆನೆ ಸೇರಿದ ಬಳಿಕ, ಕೆಲಸಕ್ಕಾಗಿ ಆನೆ ಹಿಡಿಯುವ ಪದ್ಧತಿಗೆ ತೆರೆ ಬಿದ್ದಿತು.

ಈಗ ಆನೆ ಹಿಡಿಯುವುದು ಬೇರೆ ದಾರಿಯಿಲ್ಲದಾಗ ಮಾತ್ರ. ಪದೇಪದೇ ಊರಿಗೆ ನುಗ್ಗಿ ಜೀವಹಾನಿ ಮಾಡುವ ಸಲಗವನ್ನು ಸರ್ಕಾರದ ಅನುಮತಿ ಪಡೆದು, ಅರಿವಳಿಕೆ ಮದ್ದಿನ ಸೂಜಿಯನ್ನು ಬಂದೂಕಿನಿಂದ ಹೊಡೆದು ಹಿಡಿಯುತ್ತಾರೆ. 2014ರಲ್ಲಿ ಹಾಸನ ಜಿಲ್ಲೆಯ ಆಲೂರು ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹೀಗೆಯೇ ಹಿಡಿಯಲಾಯಿತು. ಮದ್ದಿನ ಅಮಲಿನಲ್ಲಿ ತೂಗುತ್ತ ನಿಂತ ಕಾಡಾನೆಯ ಎರಡೂ ಮಗ್ಗುಲಿಗೆ ಪಳಗಿದ ಆನೆಗಳು ಒತ್ತಿ ನಿಲ್ಲುತ್ತವೆ. ಇವುಗಳಿಗೆ ಕುಮ್ಕಿ ಆನೆಗಳೆಂದು ಹೆಸರು. ನೆರವು ಎಂಬ ಅರ್ಥದ ಪಾರಸಿ ಮಾತಿನಿಂದ ಬಂದದ್ದು. ಹಗ್ಗ ಬಿಗಿಯುವವರು ಈ ಕುಮ್ಕಿಗಳ ಕಾಲುಗಳ ನಡುವೆ ನುಸುಳಿ ಕೆಲಸ ಮಾಡಬೇಕು. ಕುಮ್ಕಿ ಕೂಡ ಹಿಂದೊಮ್ಮೆ ಇದೇ ರೀತಿ ಹಗ್ಗಕ್ಕೆ ಸಿಕ್ಕಿದ್ದ ಕಾಡಾನೆಯಾಗಿರಬಹುದೆಂಬುದನ್ನು ಇಲ್ಲಿ ನೆನೆಯಬೇಕು.

ಹೀಗೆ ತಂದ ಆನೆಯನ್ನು ಇಡುವ ಜಾಗಕ್ಕೆ ಕ್ರಾಲ್ ಎನ್ನುತ್ತಾರೆ. ನೆಲದಲ್ಲಿ ಆಳವಾಗಿ ಹೂತ ಭಾರಿ ಕಂಬಗಳ ನಡುವೆ ಅಡ್ಡಲಾಗಿ ದಪ್ಪ ದಿಮ್ಮಿಗಳನ್ನು ಒಂದರ ಮೇಲೊಂದರಂತೆ ಸೇರಿಸಿ ಕಟ್ಟಿದ ಚೌಕನೆಯ ಗೂಡು ಅದು. ಆನೆ ನಿಲ್ಲಬಹುದು, ಮಲಗಬಹುದು, ಸ್ವಲ್ಪ ತಿರುಗಬಹುದು, ಓಡಲಾಗದು. ಮದ್ದಿನ ಅಮಲು ಇಳಿದಾಗ ಅದು ಕಣ್ಣು ತೆರೆಯುವುದು ಇದರೊಳಗೆ. ಮೊದಲ ಕೆಲವು ದಿನಗಳು ನೋಡಲಾಗದಂಥವು. ಹಣೆಯಿಂದ ದಿಮ್ಮಿಗಳನ್ನು ಗುದ್ದುತ್ತದೆ, ಘೀಳಿಡುತ್ತದೆ, ಮಣ್ಣನ್ನು ತೂರುತ್ತದೆ, ಮೇವನ್ನು ತುಳಿದುಹಾಕುತ್ತದೆ. ಕ್ರಾಲಿಗೆ ಮೃದುವಾದ ಹೆಸರು ಯಾವುದನ್ನು ಕೊಟ್ಟರೂ ಅದು ಸೆರೆಯೇ. ಇದನ್ನು ಮುಚ್ಚಿಟ್ಟು ಆನೆ ಪಳಗಿಸುವ ಕತೆ ಹೇಳುವುದು ಸರಿಯಲ್ಲ.

ಆದರೆ ಸೆರೆಯಿಂದ ಆಗುವುದು ಇಷ್ಟೇ: ಆನೆ ಓಡಿಹೋಗದಂತೆ ತಡೆಯಬಹುದು. ಅದು ಮನುಷ್ಯನ ಕೈಯಿಂದ ತಿನ್ನುವಂತೆ, ಅವನನ್ನು ಬೆನ್ನ ಮೇಲೆ ಹೊರುವಂತೆ, ತನ್ನ ಗಾಯಕ್ಕೆ ಮದ್ದು ಹಚ್ಚಿಸಿಕೊಳ್ಳುವಂತೆ ಮಾಡಲು ದಿಮ್ಮಿಗಳಿಂದ ಸಾಧ್ಯವಿಲ್ಲ. ಆ ಕೆಲಸ ಶುರುವಾಗುವುದು ಮಾವುತ ಕ್ರಾಲಿನ ಹೊರಗೆ ಬಂದು ಸುಮ್ಮನೆ ಕುಳಿತಾಗ.

ಹೊಸ ಆನೆಗೆ ಒಬ್ಬ ಮಾವುತನನ್ನೂ ಅವನ ಸಹಾಯಕನಾದ ಒಬ್ಬ ಕಾವಾಡಿಯನ್ನೂ ಗೊತ್ತುಮಾಡುತ್ತಾರೆ. ಇವರು ಹಗಲೆಲ್ಲ ಕ್ರಾಲಿನ ಬಳಿಯಲ್ಲೇ ಇರುತ್ತಾರೆ. ರಾತ್ರಿ ಬೆಂಕಿ ಹಾಕಿಕೊಂಡು ಅಲ್ಲೇ ಮಲಗುವುದೂ ಉಂಟು. ಆನೆಯ ಕಡೆ ಹೆಚ್ಚಾಗಿ ನೋಡುವುದಿಲ್ಲ. ತಮ್ಮತಮ್ಮೊಳಗೆ ಮಾತನಾಡುತ್ತಾರೆ, ಹುಲ್ಲು ಕಟ್ಟುತ್ತಾರೆ, ಸೊಪ್ಪು ತಂದು ಹಾಕುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಕೆಲಸವೆಂದೇ ತೋರದು. ಆನೆ ಮಾತ್ರ ಅಷ್ಟು ಹೊತ್ತೂ ಅವರನ್ನು ಓದುತ್ತಿರುತ್ತದೆ. ಆನೆಯ ಕಣ್ಣಿಗಿಂತ ಮೂಗು ಚುರುಕು. ಆಫ್ರಿಕದ ಕೆನ್ಯಾ ದೇಶದ ಅಂಬೊಸೆಲಿ ಕಾಡಿನಲ್ಲಿ ವಿಜ್ಞಾನಿಗಳು ಒಂದು ಪ್ರಯೋಗ ನಡೆಸಿ 2007ರಲ್ಲಿ ಪ್ರಕಟಿಸಿದರು. ಆನೆಗಳನ್ನು ಈಟಿಯಿಂದ ತಿವಿಯುವ ರೂಢಿಯಿದ್ದ ಮಸಾಯಿ ಜನರು ತೊಟ್ಟ ಬಟ್ಟೆಯನ್ನೂ, ಆನೆಗಳ ಗೋಜಿಗೆ ಹೋಗದ ಬೇಸಾಯಗಾರ ಕಾಂಬಾ ಜನರು ತೊಟ್ಟ ಬಟ್ಟೆಯನ್ನೂ ಹಿಂಡುಗಳ ಬಳಿ ಇಟ್ಟು ನೋಡಿದಾಗ, ಮಸಾಯಿಗಳ ಬಟ್ಟೆಯ ವಾಸನೆಗೆ ಆನೆಗಳು ಹೆಚ್ಚು ದೂರ, ಹೆಚ್ಚು ವೇಗವಾಗಿ ಓಡಿದವು. ಎಂದರೆ ಆನೆಯ ಪಾಲಿಗೆ 'ಮನುಷ್ಯ' ಎಂಬ ಒಂದೇ ಪ್ರಾಣಿ ಇಲ್ಲ. ಇಂಥ ವಾಸನೆಯವನು, ಇಂಥ ದನಿಯವನು, ಇಂಥದ್ದನ್ನು ಮಾಡುವವನು ಎಂದು ಅದು ಬೇರೆಬೇರೆಯಾಗಿ ಎಣಿಸುತ್ತದೆ. ಕ್ರಾಲಿನ ಮುಂದೆ ದಿನವೂ ಅದೇ ಇಬ್ಬರು ಬಂದು ಕೂರುವುದಕ್ಕೆ ಇದೇ ಕಾರಣ. ಇವತ್ತು ಒಬ್ಬ, ನಾಳೆ ಇನ್ನೊಬ್ಬ ಬಂದರೆ ಆನೆಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬೇಕಾಗುತ್ತದೆ.

ಕೆಲವು ದಿನಗಳ ಮೇಲೆ ಕಬ್ಬಿನ ತುಂಡೊಂದನ್ನು ದಿಮ್ಮಿಗಳ ಸಂದಿಯಲ್ಲಿ ಇಟ್ಟು ಮಾವುತ ಹಿಂದೆ ಸರಿಯುತ್ತಾನೆ. ಸೊಂಡಿಲು ಬಂದು ಅದನ್ನು ಮೂಸುತ್ತದೆ, ಬಿಸುಡುತ್ತದೆ. ಮರುದಿನ ಮತ್ತೆ ಇಡುತ್ತಾನೆ. ಒಂದು ದಿನ ಅದು ಬಾಯಿಗೆ ಹೋಗುತ್ತದೆ. ಬೆಲ್ಲ, ಬಾಳೆಹಣ್ಣು, ಹುಲ್ಲಿನಲ್ಲಿ ಸುತ್ತಿದ ಭತ್ತ, ಹೀಗೆ ತಿನಿಸು ಬದಲಾಗುತ್ತದೆ. ಮಾವುತ ನಿಲ್ಲುವ ದೂರ ಕಡಿಮೆಯಾಗುತ್ತ ಬರುತ್ತದೆ. ಹಿಂದೆ ಸರಿಯುವುದೇ ಇಲ್ಲಿ ಮುಖ್ಯವಾದ ಉಪಾಯ. ಆನೆ ಬೆದರುವುದಕ್ಕೆ ಮುಂಚೆಯೇ ಅವನು ಸರಿದುಬಿಡಬೇಕು. ಬೆದರಿ ಗುದ್ದಿದ ಮೇಲೆ ಸರಿದರೆ, ಗುದ್ದಿದ್ದರಿಂದಲೇ ಇವನು ಹೋದನೆಂದು ಆನೆ ಕಲಿಯುತ್ತದೆ. ಸುಮ್ಮನಿದ್ದಾಗ ಸರಿದರೆ, ಸುಮ್ಮನಿದ್ದರೆ ಸಾಕೆಂದು ಕಲಿಯುತ್ತದೆ. ಎರಡರ ನಡುವಣ ಅಂತರ ಒಂದೆರಡು ಕ್ಷಣಗಳದ್ದು. ಈ ಒಂದೆರಡು ಕ್ಷಣಗಳನ್ನು ಗುರುತಿಸಲು ಕಲಿಯುವುದಕ್ಕೆ ಒಬ್ಬ ಕಾವಾಡಿಗೆ ವರ್ಷಗಳೇ ಹಿಡಿಯುತ್ತವೆ.

ಮುಟ್ಟುವುದು ಇದಾದ ಮೇಲಿನ ಹಂತ. ಮೊದಲು ಉದ್ದನೆಯ ಬಿದಿರು ಕೋಲಿನ ತುದಿಯಿಂದ ಬೆನ್ನನ್ನು ಸವರುತ್ತಾರೆ. ಚರ್ಮ ನಡುಗುತ್ತದೆ, ಸೊಂಡಿಲು ಕೋಲನ್ನು ಕಸಿದು ಮುರಿಯುತ್ತದೆ. ಇನ್ನೊಂದು ಕೋಲು ಬರುತ್ತದೆ. ಕೋಲು ನೋಯಿಸುವುದಿಲ್ಲವೆಂದು ತಿಳಿದ ಮೇಲೆ, ಅದರ ತುದಿಗೆ ತುರಿಕೆಯ ಸುಖವೂ ಇದೆಯೆಂದು ತಿಳಿದ ಮೇಲೆ, ಕೋಲಿನ ಉದ್ದ ಕಡಿಮೆಯಾಗುತ್ತ ಕೊನೆಗೆ ಕೈ ಬರುತ್ತದೆ. ಮೇಲಿನ ದಿಮ್ಮಿಯ ಮೇಲೆ ಕುಳಿತ ಕಾವಾಡಿ ಬೆನ್ನ ಮೇಲೆ ಅಂಗೈಯಿಡುತ್ತಾನೆ, ನೀರು ಸುರಿಯುತ್ತಾನೆ. ಇಷ್ಟು ಹೊತ್ತೂ ಮಾತು ನಡೆದೇ ಇರುತ್ತದೆ. ಅಸ್ಸಾಮಿನಲ್ಲಿ ಹೊಸದಾಗಿ ಹಿಡಿದ ಆನೆಯ ಮುಂದೆ ಹಾಡುವ ಪದ್ಧತಿಯೇ ಇದೆ; ಆ ಹಾಡುಗಳಲ್ಲಿ ಆನೆಯನ್ನು ತಾಯಿಯಿಂದ ಅಗಲಿಸಿದ್ದಕ್ಕೆ ಸಂತಾಪವೂ ಇರುತ್ತದಂತೆ. ಮಾತಿನ ಅರ್ಥ ಆನೆಗೆ ಬೇಕಿಲ್ಲ. ದನಿ ಏರದೆ, ಒಡೆಯದೆ, ನಿನ್ನೆ ಇದ್ದಂತೆಯೇ ಇವತ್ತೂ ಇದೆಯೆಂಬುದು ಅದಕ್ಕೆ ಬೇಕು.

ಮನುಷ್ಯನಿಗೆ ತನ್ನ ಮೈ ಏನು ಹೇಳುತ್ತಿದೆಯೆಂದು ತಿಳಿಯದು, ಪ್ರಾಣಿಗೆ ತಿಳಿಯುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ದೊಡ್ಡ ಸುದ್ದಿಯಾಯಿತು. ಎರಡಕ್ಕೆ ಮೂರು ಕೂಡಿಸು ಎಂದರೆ ಗೊರಸಿನಿಂದ ಐದು ಸಲ ನೆಲ ತಟ್ಟಿ ನಿಲ್ಲುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನೋವಿಜ್ಞಾನಿ ಇದರ ಗುಟ್ಟನ್ನು ಬಯಲಿಗೆಳೆದ. ಪ್ರಶ್ನೆ ಕೇಳಿದವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆ ತನಗರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು; ಅದನ್ನು ಕಂಡು ಹಾನ್ಸ್ ನಿಲ್ಲಿಸುತ್ತಿತ್ತು. ಜನ ಇದನ್ನು ಕೇಳಿ ಕುದುರೆಗೆ ಲೆಕ್ಕ ಬಾರದೆಂದು ನಿರಾಶರಾದರು. ನಿಜವಾಗಿ ಅಚ್ಚರಿಪಡಬೇಕಾದ ಸಂಗತಿ ಲೆಕ್ಕಕ್ಕಿಂತ ದೊಡ್ಡದೇ ಆಗಿತ್ತು. ಪಂಡಿತರ ಸಮಿತಿಯೊಂದರ ಕಣ್ಣಿಗೆ ಬೀಳದ ಚಲನೆ ಆ ಮೂಕಪ್ರಾಣಿಯ ಕಣ್ಣಿಗೆ ಬಿದ್ದಿತ್ತು. ಇಂಥ ಪ್ರಾಣಿಯ ಮುಂದೆ ಒಳಗೆ ಹೆದರಿಕೊಂಡು ಹೊರಗೆ ಧೈರ್ಯ ನಟಿಸುವುದಾಗಲಿ, ಒಳಗೆ ಸಿಟ್ಟಿಟ್ಟುಕೊಂಡು ಹೊರಗೆ ಬೆಲ್ಲ ನೀಡುವುದಾಗಲಿ ನಡೆಯುವುದಿಲ್ಲ.

ಗ್ರೀಕರಿಗೆ ಈ ಸಂಗತಿ ಗೊತ್ತಿತ್ತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಜೆನೊಫನ್ ಎಂಬ ದಂಡನಾಯಕ ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಸಿಟ್ಟಿನಲ್ಲಿರುವಾಗ ಕುದುರೆಯ ಬಳಿಗೆ ಹೋಗಬಾರದೆಂಬುದು ಅವನ ಮುಖ್ಯ ಸಲಹೆ. ಯಾವುದೋ ವಸ್ತುವನ್ನು ಕಂಡು ಬೆದರಿದ ಕುದುರೆಯನ್ನು ಹೊಡೆದು ಮುಂದಕ್ಕೆ ನೂಕಿದರೆ, ನೋವಿಗೂ ಆ ವಸ್ತುವೇ ಕಾರಣವೆಂದು ಅದು ತಿಳಿದು ಇನ್ನಷ್ಟು ಬೆದರುತ್ತದೆಂದು ಅವನು ವಿವರಿಸಿದ್ದಾನೆ. ಅಲೆಕ್ಸಾಂಡರನ ಕತೆಯೂ ಇದಕ್ಕೆ ಒಪ್ಪುತ್ತದೆ. ಯಾರನ್ನೂ ಹತ್ತಗೊಡದಿದ್ದ ಬ್ಯುಸಿಫಾಲಸ್ ಎಂಬ ಕುದುರೆ ತನ್ನ ನೆರಳಿಗೆ ತಾನೇ ಹೆದರುತ್ತಿದೆಯೆಂದು ಆ ಹುಡುಗ ಗಮನಿಸಿದ. ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿ, ನೆರಳು ಬೆನ್ನ ಹಿಂದಾಗುವಂತೆ ಮಾಡಿ, ಮೈ ಸವರಿ, ಸ್ವಲ್ಪ ದೂರ ಜೊತೆಯಲ್ಲಿ ನಡೆದು, ಆಮೇಲೆ ಹತ್ತಿದ. ಪ್ಲುಟಾರ್ಕನು ಬರೆದಿಟ್ಟ ಈ ಕತೆಯಲ್ಲಿ ಎಷ್ಟು ಭಾಗ ಇತಿಹಾಸವೋ, ಎಷ್ಟು ಅಲಂಕಾರವೋ. ಆದರೆ ಹೇಳಿರುವ ಕ್ರಮ ಸರಿಯಾದದ್ದೇ. ಪ್ರಾಣಿ ಯಾವುದಕ್ಕೆ ಹೆದರುತ್ತಿದೆಯೆಂದು ಅದರ ಕಣ್ಣಿನಿಂದ ನೋಡಬೇಕು.

ಆನೆ ಮಾವುತನ ಕೈಯಿಂದ ತಿನ್ನಲು ಒಪ್ಪಿ, ಬೆನ್ನ ಮೇಲೆ ಕೂರಲು ಬಿಟ್ಟ ಮೇಲೆ ಆಜ್ಞೆಗಳ ಪಾಠ. ಮಾವುತನ ಕಾಲ್ಬೆರಳುಗಳು ಆನೆಯ ಕಿವಿಗಳ ಹಿಂದೆ ಇರುತ್ತವೆ. ಬೆರಳು ಒತ್ತುತ್ತದೆ, ಆನೆ ಒಂದು ಹೆಜ್ಜೆ ಮುಂದಿಡುತ್ತದೆ, ಒತ್ತುವುದು ಆ ಕ್ಷಣವೇ ನಿಲ್ಲುತ್ತದೆ. ಆನೆ ಕಲಿಯುವುದು ಒತ್ತುವಿಕೆಯಿಂದಲ್ಲ, ಅದು ನಿಂತದ್ದರಿಂದ. ಕುದುರೆಯ ಕಡಿವಾಣದ ವಿಷಯವೂ ಹೀಗೆಯೇ. ಬೇಕಾದ್ದನ್ನು ಮಾಡಿದ ಮೇಲೂ ಲಗಾಮನ್ನು ಜಗ್ಗುತ್ತಲೇ ಇದ್ದರೆ ಕುದುರೆಯ ಬಾಯಿ ಗಟ್ಟಿಯಾಗುತ್ತದೆಯೇ ಹೊರತು ಕಲಿಕೆ ಆಗುವುದಿಲ್ಲ. ಕ್ರಮೇಣ ಬೆರಳಿನ ಜೊತೆಗೆ ಒಂದು ಮಾತು ಸೇರುತ್ತದೆ. ಕೊನೆಗೆ ಮಾತೇ ಸಾಕಾಗುತ್ತದೆ. ಅಂಕುಶ ಮಾವುತನ ಬಳಿ ಇದ್ದೇ ಇರುತ್ತದೆ. ಒಳ್ಳೆಯ ಮಾವುತನ ಅಂಕುಶ ಹೆಚ್ಚು ಹೊತ್ತು ಆನೆಯ ಕಿವಿಗೆ ಸಿಕ್ಕಿಸಿದಲ್ಲೇ ತೂಗುತ್ತಿರುತ್ತದೆ.

ಇವೆಲ್ಲಕ್ಕೂ ಕೆಲವು ವಾರಗಳು ಸಾಲಬಹುದು, ಕೆಲವು ತಿಂಗಳುಗಳು ಬೇಕಾಗಬಹುದು. ಪ್ರಾಯದ ಆನೆ ಬೇಗ ಒಗ್ಗುತ್ತದೆ. ವಯಸ್ಸಾದ ಸಲಗ ತಡಮಾಡುತ್ತದೆ. ಒಂದು ದಿನ ದಿಮ್ಮಿಗಳನ್ನು ಸರಿಸುತ್ತಾರೆ. ಎರಡು ಕುಮ್ಕಿಗಳ ನಡುವೆ, ಕಾಲಿಗೆ ಸರಪಳಿಯೊಡನೆ, ಆನೆ ಹೊರಗೆ ಬರುತ್ತದೆ. ಸಾಮಾನ್ಯವಾಗಿ ಅದು ಮೊದಲು ಹೋಗುವುದು ನೀರಿಗೆ. ತುಂಗೆಯ ಹಿನ್ನೀರಿನಲ್ಲಿ ಮಗ್ಗುಲಾಗಿ ಮಲಗಿದ ಆನೆಯ ಮೈಯನ್ನು ಕಾವಾಡಿ ಉಜ್ಜುತ್ತಾನೆ. ಆನೆ ಕಣ್ಣು ಮುಚ್ಚಿ ಮಲಗುವುದೆಂದರೆ ಸಣ್ಣ ಮಾತಲ್ಲ. ಅಷ್ಟು ಭಾರದ ದೇಹ ಒಮ್ಮೆ ಮಲಗಿದರೆ ತಟಕ್ಕನೆ ಏಳಲಾರದು. ಅಪಾಯದ ಶಂಕೆಯಿರುವ ಆನೆ ಮನುಷ್ಯನ ಮುಂದೆ ಮಲಗುವುದಿಲ್ಲ.

ಈ ನಂಬಿಕೆ ಇಡೀ ಮನುಷ್ಯಕುಲದ ಮೇಲಿನದಲ್ಲ, ಗೊತ್ತಾದ ಒಂದಿಬ್ಬರ ಮೇಲಿನದು ಎಂಬುದು ಆನೆಯನ್ನು ಬೇರೆಯವರಿಗೆ ಒಪ್ಪಿಸಬೇಕಾದಾಗ ಚೆನ್ನಾಗಿ ತಿಳಿಯುತ್ತದೆ. 2018ರಲ್ಲಿ ಕರ್ನಾಟಕದಿಂದ ಹತ್ತು ಆನೆಗಳು ಉತ್ತರ ಪ್ರದೇಶದ ದುಧ್ವಾ ಅರಣ್ಯಕ್ಕೆ ಹೋದವು. ಅಲ್ಲಿಯ ಮಾವುತರ ಮಾತು ಅವುಗಳಿಗೆ ಅರ್ಥವಾಗಲಿಲ್ಲ. ಇಲ್ಲಿಂದ ಜೊತೆಗೆ ಹೋಗಿದ್ದವರಿಂದ ಅಲ್ಲಿನವರು ಆನೆಗಳು ಬಲ್ಲ ಕನ್ನಡದ ಆಜ್ಞೆಗಳನ್ನು ಕಲಿಯಬೇಕಾಯಿತು. ಆನೆಗೆ ಹಿಂದಿ ಕಲಿಸುವುದಕ್ಕಿಂತ ಮನುಷ್ಯನಿಗೆ ಕನ್ನಡ ಕಲಿಸುವುದು ಬೇಗ ಆಗುವ ಕೆಲಸವೆಂದು ಕಂಡಿರಬೇಕು. 2025ರ ಮೇ ತಿಂಗಳಿನಲ್ಲಿ ಆಂಧ್ರಪ್ರದೇಶಕ್ಕೆ ನಾಲ್ಕು ಕುಮ್ಕಿ ಆನೆಗಳನ್ನು ಕೊಟ್ಟಾಗ, ಆ ರಾಜ್ಯದ ಮಾವುತರು ಮೊದಲೇ ಕರ್ನಾಟಕದ ಬಿಡಾರಗಳಿಗೆ ಬಂದು ತರಬೇತಿ ಪಡೆದರು. ಅವುಗಳಲ್ಲಿ ಸಕ್ರೆಬೈಲಿನ ಆನೆಗಳೂ ಇದ್ದವು.

ಪಳಗಿದ ಆನೆ ಎಂದೆಂದಿಗೂ ಪಳಗಿದ್ದೇ ಎಂದು ತಿಳಿಯಬಾರದು. ಗಂಡಾನೆಗೆ ಮದ ಬರುತ್ತದೆ. ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ರಸ ಸುರಿಯತೊಡಗಿದಾಗ ಅದರ ರಕ್ತದಲ್ಲಿ ಗಂಡುತನದ ರಸದೂತಗಳು ಎಷ್ಟೋ ಪಟ್ಟು ಏರುತ್ತವೆ. ಹತ್ತು ವರ್ಷ ಜೊತೆಗಿದ್ದ ಮಾವುತನನ್ನೂ ಅದು ಗುರುತಿಸದಂತೆ ವರ್ತಿಸಬಹುದು. ಆಗ ಅದನ್ನು ದೂರ ಕಟ್ಟಿ, ಮದ ಇಳಿಯುವವರೆಗೆ ಕಾಯುತ್ತಾರೆ. ಕಾಡಾನೆಯ ಕೆಲಸವಂತೂ ಪ್ರತಿಬಾರಿಯೂ ಪ್ರಾಣಸಂಕಟದ್ದು. 2023ರ ಏಪ್ರಿಲಿನಲ್ಲಿ ನೆರೆಯ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ ಕಾಡಾನೆಗೆ ಅರಿವಳಿಕೆ ಮದ್ದು ಹೊಡೆಯಲು ಹೋದ ಪಶುವೈದ್ಯರೊಬ್ಬರು ಅದರ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು.

ಬಿಡಾರದಲ್ಲಿಯೇ ಹುಟ್ಟಿದ ಮರಿಗಳ ಸಮಸ್ಯೆ ಇನ್ನೊಂದು ತೆರನದು. 2023ರ ಅಕ್ಟೋಬರಿನಲ್ಲಿ ದಸರೆಗೆಂದು ಶಿವಮೊಗ್ಗೆಗೆ ಬಂದಿದ್ದ ನೇತ್ರಾವತಿ ಎಂಬ ಹೆಣ್ಣಾನೆ ಮೆರವಣಿಗೆಯ ಹಿಂದಿನ ರಾತ್ರಿ ನಗರದಲ್ಲೇ ಮರಿ ಹಾಕಿತು. ತಾಯಿಮರಿಗಳನ್ನು ಬಿಡಾರಕ್ಕೆ ಕರೆದೊಯ್ಯಬೇಕಾಯಿತು. ಇಂಥ ಮರಿ ಕಣ್ಣು ಬಿಟ್ಟಾಗಿನಿಂದ ಮನುಷ್ಯನ ನಡುವೆ ಬೆಳೆಯುತ್ತದೆ. ಅದಕ್ಕೆ ಅವನ ಅಂಜಿಕೆಯಿಲ್ಲ. ಇದು ಒಳ್ಳೆಯದೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಅಂಜಿಕೆಯಿಲ್ಲದ ಮರಿ ಮನುಷ್ಯನನ್ನು ತನ್ನ ಜೊತೆಗಾರ ಮರಿಯೆಂದು ಬಗೆದು ನೂಕುತ್ತದೆ, ತಲೆಯಿಂದ ಗುದ್ದುತ್ತದೆ. ನೂರಿನ್ನೂರು ಕಿಲೋ ತೂಗುವಾಗ ಆಟವಾಗಿದ್ದದ್ದು ನಾಲ್ಕು ಸಾವಿರ ಕಿಲೋ ತೂಗುವಾಗ ಆಟವಾಗಿ ಉಳಿಯುವುದಿಲ್ಲ. ತಾಯಿಯಿಲ್ಲದೆ ಮನುಷ್ಯನ ಕೈಯಲ್ಲಿ ಹಾಲು ಕುಡಿದು ಬೆಳೆದ ಕುದುರೆಮರಿಯ ವಿಷಯದಲ್ಲೂ ಸಾಕಿದವರು ಇದೇ ದೂರನ್ನು ಹೇಳುತ್ತಾರೆ. ಆದ್ದರಿಂದ ಮರಿಗೆ ಎರಡು ಮೂರು ವರ್ಷ ತುಂಬುವ ಹೊತ್ತಿಗೆ ಅದನ್ನು ತಾಯಿಯಿಂದ ಬೇರ್ಪಡಿಸಿ ಪಾಠ ಆರಂಭಿಸುತ್ತಾರೆ. ತಾಯಿ ಕೆಲವು ದಿನ ಮೇವು ಬಿಟ್ಟು ಕೂಗುತ್ತದೆ, ಮರಿಯೂ ಕೂಗುತ್ತದೆ. ಆ ದಿನಗಳಲ್ಲಿ ಮಾವುತರ ಮನೆಯವರಿಗೂ ನಿದ್ದೆ ಬಾರದು.

ಆನೆಗೆ ಇವೆಲ್ಲ ಬೇಕಿತ್ತೆ ಎಂದು ಕೇಳಿದರೆ ಬೇಕಿರಲಿಲ್ಲವೆಂದೇ ಹೇಳಬೇಕು. ಕಾಡು ಕುಗ್ಗಿ, ಹಳ್ಳಿ ಹಿಗ್ಗಿ, ನಡುವೆ ಕಾಲುವೆ, ರಸ್ತೆ, ತೋಟಗಳು ಬಂದಾಗ ಆನೆಯ ಹಳೆಯ ದಾರಿಗಳು ಮುಚ್ಚಿಹೋದವು. ಬಾಳೆತೋಟ ಕಳೆದುಕೊಂಡ ರೈತನ ದುಃಖವೂ ಸುಳ್ಳಲ್ಲ. ಹಿಡಿದು ಪಳಗಿಸುವುದು ಈ ಜಗಳದ ಪರಿಹಾರವೆಂದು ಅರಣ್ಯ ಇಲಾಖೆಯವರೂ ಹೇಳಲಾರರು. ಒಂದು ಆನೆಯನ್ನು ತೆಗೆದ ಜಾಗಕ್ಕೆ ಇನ್ನೊಂದು ಬರುತ್ತದೆ. ಹಿಡಿದದ್ದಾಯಿತೆಂದ ಮೇಲೆ, ಆ ಪ್ರಾಣಿಯ ಮುಂದಿನ ನಲವತ್ತು ಐವತ್ತು ವರ್ಷಗಳ ಬದುಕು ಯಾರ ಕೈಯಲ್ಲಿ, ಎಂಥ ಕೈಯಲ್ಲಿ ಎಂಬುದು ಮಾತ್ರ ಉಳಿಯುತ್ತದೆ.

ಸಂಜೆಯ ಹೊತ್ತಿಗೆ ಸಕ್ರೆಬೈಲಿನ ಆನೆಗಳನ್ನು ಶೆಟ್ಟಿಹಳ್ಳಿ ಕಾಡಿಗೆ ಮೇಯಲು ಬಿಡುತ್ತಾರೆ. ಬಿಡಾರದಲ್ಲಿ ಕೊಡುವ ಮೇವು ಅವುಗಳ ಹೊಟ್ಟೆಗೆ ಸಾಲದು; ಬಿದಿರು, ಹುಲ್ಲು, ತೊಗಟೆಗಳನ್ನು ಅವು ತಾವೇ ಆರಿಸಿ ತಿನ್ನಬೇಕು. ಕಾಲಿಗೆ ಉದ್ದನೆಯ ಸರಪಳಿ ಇರುತ್ತದೆ. ಅದು ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ, ಯಾವುದಕ್ಕೂ ಕಟ್ಟಿರುವುದಿಲ್ಲ. ರಾತ್ರಿ ಕಾಡಿನ ಸಲಗಗಳು ಬಂದು ಬಿಡಾರದ ಹೆಣ್ಣಾನೆಗಳನ್ನು ಸೇರುವುದೂ ಉಂಟು. ನಸುಕಿನಲ್ಲಿ ಮಾವುತ, ಕಾವಾಡಿಗಳು ಸರಪಳಿ ಎಳೆದ ಗುರುತನ್ನು ಹಿಡಿದು ಕಾಡೊಳಗೆ ಹೋಗುತ್ತಾರೆ. ಕೆಲವೊಮ್ಮೆ ಒಂದು ಮೈಲಿ, ಕೆಲವೊಮ್ಮೆ ಐದಾರು ಮೈಲಿ. ಇಬ್ಬನಿಯಲ್ಲಿ ಗುರುತು ಅಳಿಸಿದ ಕಡೆ ನಿಂತು ಆನೆಯ ಹೆಸರು ಹಿಡಿದು ಕರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಬಿದಿರುಮೆಳೆಯ ಆಚೆಯಿಂದ ಸರಪಳಿಯ ಸದ್ದು ಕೇಳಿಬರುತ್ತದೆ.